ಒಳಗೆ ಮೊನೆ, ಹೊರಗೆ ಗುಂಡು

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರಿಗೆ ವ್ಯಾನ್ ಡಿ ಗ್ರಾಫ್ ಜನರೇಟರಿನ ಮುನಿಸು ಗೊತ್ತಿರುತ್ತದೆ. ಜನವರಿಯ ಒಣಹವೆಯಲ್ಲಿ ಚಟಪಟ ಕಿಡಿ ಹಾರಿಸುವ ಯಂತ್ರ, ಆಷಾಢದಲ್ಲಿ ಬೆಲ್ಟ್ ಎಷ್ಟು ತಿರುಗಿದರೂ ಸುಮ್ಮನಿರುತ್ತದೆ. ತೇವಕ್ಕೆ ಹೇರ್ ಡ್ರೈಯರ್ ಮದ್ದು. ಅದಕ್ಕೂ ಬಗ್ಗದಿದ್ದರೆ ಸ್ವಿಚ್ ಆರಿಸಿ, ಗೋಳವನ್ನು ಅರ್ಥ್ ಮಾಡಿ, ಮೈಮೇಲೆ ಬೆರಳಾಡಿಸಬೇಕು. ಇದನ್ನು ನನಗೆ ಕಲಿಸಿದವರು ಲ್ಯಾಬ್ ಅಟೆಂಡರ್. ಒಮ್ಮೆ ಅವರ ಬೆರಳಿಗೆ ಸಿಕ್ಕಿದ್ದು ಒರೆಸುವ ಬಟ್ಟೆಯ ಒಂದೆಳೆ ನೂಲು. ತೆಗೆದರು, ಕಿಡಿ ಹಾರಿತು.

ಆ ಎಳೆಯ ಕಿತಾಪತಿಯನ್ನು ಈಗ ಗುಂಡುಸೂಜಿಯಿಂದ ತೋರಿಸುತ್ತೇನೆ. ಅರ್ಥ್ ತಂತಿಗೆ ಕಟ್ಟಿದ ಸೂಜಿಯ ಮೊನೆಯನ್ನು ಗೋಳದತ್ತ ಚಾಚಿದರೆ ಗೇಣುದ್ದ ದೂರವಿರುವಾಗಲೇ ಕಿಡಿ ನಿಲ್ಲುತ್ತದೆ. ಕೋಣೆ ಕತ್ತಲೆ ಮಾಡಿದರೆ ಮೊನೆಯಲ್ಲಿ ನೇರಳೆ ಚುಕ್ಕಿ, ಕಿವಿಗೊಟ್ಟರೆ ಸುಂಯ್ ಎಂಬ ಸದ್ದು, ಮೂಗಿಗೆ ಓಝೋನ್. ಸೂಜಿಯನ್ನು ಗೋಳಕ್ಕೇ ಸಿಕ್ಕಿಸಿ ಮೇಣದಬತ್ತಿ ಎದುರಿಗಿಟ್ಟರೆ, ಯಾರೋ ಊದಿದಂತೆ ಜ್ವಾಲೆ ಬಾಗುತ್ತದೆ.

ಒಣಗಾಳಿ ಮಣಿಯಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಕ್ಷೇತ್ರ ಬೇಕು. 10 ಸೆಂಟಿಮೀಟರ್ ತ್ರಿಜ್ಯದ ನುಣುಪು ಗೋಳ, ಲೆಕ್ಕದ ಪ್ರಕಾರ, 3 ಲಕ್ಷ ವೋಲ್ಟ್ ತನಕ ತಾಳೀತು. ಸೂಜಿಮೊನೆಯ ಸುತ್ತ ಕೆಲವೇ ಸಾವಿರ ವೋಲ್ಟಿಗೆ ಗಾಳಿ ಅಯಾನುಗಳಾಗಿ ಒಡೆಯುತ್ತದೆ. ಮೊನೆಯ ಆವೇಶದ್ದೇ ಜಾತಿಯವು ದೂರ ಓಡುತ್ತ ಗಾಳಿಯನ್ನೂ ತಳ್ಳಿಕೊಂಡು ಹೋಗುತ್ತವೆ. ಯಂತ್ರ ಕೊಡುವುದೇ ಕೆಲವು ಮೈಕ್ರೋಆಂಪಿಯರ್. ಅಷ್ಟೂ ಹೀಗೆ ಸೋರಿದರೆ ಕಿಡಿಗೆ ಉಳಿಯುವುದೇನು?

ಹಾಗಂತ "ಮೊನೆ ಇದ್ದರೆ ಕಿಡಿ ಇಲ್ಲ" ಎಂದು ಬರೆದುಕೊಳ್ಳುವಂತಿಲ್ಲ. ಧಾರಾಳವಾಗಿ ಕರೆಂಟ್ ಕೊಡುವ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿಗೆ ಇಂಥ ಸೋರಿಕೆ ಲೆಕ್ಕಕ್ಕೇ ಇಲ್ಲ. ದೊಡ್ಡ ಗೋಳಗಳ ನಡುವೆ 1 ಸೆಂಟಿಮೀಟರ್ ದಾಟಲು ಬೇಕಾಗುವ 30 ಸಾವಿರ ವೋಲ್ಟ್, ಎರಡು ಸೂಜಿಮೊನೆಗಳ ನಡುವೆ ಅದಕ್ಕಿಂತ ಎಷ್ಟೋ ಹೆಚ್ಚು ದೂರ ಹಾರುತ್ತದೆ. ನಮ್ಮ ಯಂತ್ರದ ಹೊಟ್ಟೆಯೊಳಗೂ ಬೆಲ್ಟಿಗೆ ಆವೇಶ ಸುರಿಯುವುದು, ಮೇಲೆ ಬಂದದ್ದನ್ನು ಬಾಚಿಕೊಳ್ಳುವುದು ಚೂಪು ಹಲ್ಲಿನ ಲೋಹದ ಬಾಚಣಿಗೆಗಳೇ.

ಸಿಡಿಲಿನ ಸರಳಿಗೂ ಇದೇ ತಕರಾರು. ಬೆಂಜಮಿನ್ ಫ್ರಾಂಕ್ಲಿನ್ ಚೂಪೇ ಆಗಬೇಕೆಂದ, ಬೆಂಜಮಿನ್ ವಿಲ್ಸನ್ ಗುಂಡು ತುದಿಗೆ ಹಟ ಹಿಡಿದ. 1777ರಲ್ಲಿ ಇಂಗ್ಲೆಂಡಿನ ಪರ್‌ಫ್ಲೀಟ್‌ನಲ್ಲಿ, ಮದ್ದಿನ ಉಗ್ರಾಣಗಳ ಆವರಣದ ಕಟ್ಟಡಕ್ಕೆ ಚೂಪು ಸರಳಿದ್ದರೂ ಸಿಡಿಲು ಬಡಿದು ಜಗಳ ಜೋರಾಯಿತು. ಮೂರನೇ ಜಾರ್ಜ್ ದೊರೆ ಗುಂಡಿನ ಪಕ್ಷ ಸೇರಿದ (ಫ್ರಾಂಕ್ಲಿನ್ ಆಗ ದೊರೆಯ ವಿರುದ್ಧ ದಂಗೆಯೆದ್ದ ವಸಾಹತುಗಳ ಕಡೆಯವನು, ಆಶ್ಚರ್ಯವೇನಿಲ್ಲ). ಚಾರ್ಲ್ಸ್ ಮೂರ್ ಮತ್ತು ಸಂಗಡಿಗರು ನ್ಯೂ ಮೆಕ್ಸಿಕೋದ ಬೆಟ್ಟದ ಮೇಲೆ ಏಳು ವರ್ಷ ಎರಡನ್ನೂ ನಿಲ್ಲಿಸಿ ನೋಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು: ಮೊಂಡು ತುದಿಯವು ಸಿಡಿಲು ಹಿಡಿದವು, ಪಕ್ಕದ ಚೂಪಿನವು ಒಂದೂ ಹಿಡಿಯಲಿಲ್ಲ. ಸುಮಾರು 19 ಮಿಲಿಮೀಟರ್ ದಪ್ಪದ ಮೊಂಡು ತುದಿ ಒಳ್ಳೆಯದೆಂದು ಅವರ ಸಲಹೆ. ಚೂಪು ಸರಳು ತಾನೇ ಉಗುಳಿದ ಅಯಾನುಗಳ ಮುಸುಕಿನಲ್ಲಿ ಕೂತುಬಿಡುತ್ತದೆ. ಕೆಳಗಿಳಿಯುವ ಸಿಡಿಲಿಗೆ ಎದುರಾಗಿ ಕಿಡಿ ಏಳಿಸುವಷ್ಟು ಕ್ಷೇತ್ರ ಅದರ ತುದಿಯಲ್ಲಿ ಉಳಿಯುವುದಿಲ್ಲ.