ಸೈಟಿಗೆ ಕಾಲಿಡುವ ಮುನ್ನ ಕರಾರು ನೋಂದಣಿಯಾಗಲಿ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು ತಾಲ್ಲೂಕನ್ನು ಹಾದುಹೋಗಿದೆ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆಗಳ ಕಟ್ಟಡಗಳು ಎದ್ದಿವೆ. ಸಿವಿಲ್ ಡಿಪ್ಲೊಮಾ ಮುಗಿಸಿದ ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ಇಂಥ ಕಡೆಗಳಿಂದ ಒಂದು ಕರೆ ಬರುತ್ತದೆ: ‘ಒಂದು ವರ್ಷ ಅಪ್ರೆಂಟಿಸ್ ಆಗಿ ಬಾ, ಸೂಪರ್‌ವೈಸರ್ ಕೆಲಸ ಕಲಿಸ್ತೀವಿ.’ ಹೋಗಬೇಕು, ಒಳ್ಳೆಯ ಅವಕಾಶವೇ. ಆದರೆ ಮಾತಿನ ಮೇಲೆ ಹೋಗಬೇಡಿ.

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಲಿಖಿತ ಕರಾರು ಇಲ್ಲದೆ ಯಾರನ್ನೂ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವಂತಿಲ್ಲ. ಆ ಕರಾರು ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರರಲ್ಲಿ ನೋಂದಣಿಯಾಗಬೇಕು. ಹುಡುಗರು ಎಡವುವುದು ಇಲ್ಲೇ. ನೋಂದಣಿ ಆಗದಿದ್ದರೆ ತಾನು ಕಾರ್ಮಿಕನೆಂದು ವಾದಿಸಿ ಪೂರ್ತಿ ಕೂಲಿ ಕೇಳಬಹುದು ಎಂದು ನಂಬಿದವರಿದ್ದಾರೆ. ಉತ್ತರ ಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದು ಬೇರೆ: ಕರಾರು ನೋಂದಣಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅಪ್ರೆಂಟಿಸ್ ಆದವನು ಕಾರ್ಮಿಕನಾಗುವುದಿಲ್ಲ. ಅಂದರೆ ಮಾಲೀಕನ ಉದಾಸೀನದಿಂದ ನಷ್ಟವಾಗುವುದು ನಿಮಗೇ. ಆದ್ದರಿಂದ ಸೇರುವ ಮೊದಲೇ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೀವೇ ನೋಡಿಕೊಳ್ಳಿ. ಡಿಪ್ಲೊಮಾ, ಪದವೀಧರರ ಯೋಜನೆಯನ್ನು ನಮ್ಮ ಭಾಗಕ್ಕೆ ನೋಡಿಕೊಳ್ಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. ಐಟಿಐ ಮುಗಿಸಿದವರು ಹತ್ತಿರದ ಸರ್ಕಾರಿ ಐಟಿಐಯಲ್ಲಿ ವಿಚಾರಿಸಬಹುದು.

ಇನ್ನು ಸ್ಟೈಪೆಂಡ್. 2019ರ ತಿದ್ದುಪಡಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಪದವೀಧರರಿಗೆ 9,000, ಐಟಿಐಯವರಿಗೆ 7,000 ರೂಪಾಯಿ ಎಂದು ನಿಗದಿ ಮಾಡಿತು. ಅದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡಕೂಡದು. ‘ಇಷ್ಟು ಚದರಡಿ ಮುಗಿಸಿದರೆ ಇಷ್ಟು’ ಎಂದು ಕೆಲಸದ ಲೆಕ್ಕಕ್ಕೆ ಹಣ ಕೊಡುವುದನ್ನೂ ಕಾಯ್ದೆ ನಿಷೇಧಿಸಿದೆ.

ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ನಡುರಾತ್ರಿವರೆಗೂ ಎಳೆಯಬಹುದು. ಆಗ ‘ನೀನೇ ನಿಂತು ನೋಡಿಕೋ’ ಎಂದು ಅಪ್ರೆಂಟಿಸ್‌ನನ್ನು ಬಿಟ್ಟು ಹೋಗುವುದು ತಪ್ಪು. ಸಲಹೆಗಾರರ ಅನುಮತಿ ಇಲ್ಲದೆ ಅವನಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ತರಬೇತಿಗೆ ಸಂಬಂಧವಿಲ್ಲದ ಕೆಲಸ ಮಾಡಿಸುವುದೂ ಕಾಯ್ದೆಯ ಉಲ್ಲಂಘನೆಯೇ. ಕಂಬಿ ಕಟ್ಟಿದ್ದನ್ನು ಡ್ರಾಯಿಂಗ್ ಜೊತೆ ತಾಳೆ ನೋಡುವುದು, ಕ್ಯೂಬ್ ತೆಗೆಯುವುದು, ಕ್ಯೂರಿಂಗ್ ಗಮನಿಸುವುದು ಕಲಿಕೆ. ಸಾಹುಕಾರರ ಮನೆಗೆ ತರಕಾರಿ ತಂದುಕೊಡುವುದು ಕಲಿಕೆಯಲ್ಲ. ನನ್ನದೊಂದು ಸಲಹೆ: ಅಳತೆ ಪುಸ್ತಕಕ್ಕೋ ಮಸ್ಟರ್ ರೋಲ್‌ಗೋ ಸಹಿ ಹಾಕು ಅಂದರೆ ಹೆಸರಿನ ಮುಂದೆ ‘ಅಪ್ರೆಂಟಿಸ್’ ಎಂದು ಬರೆಯಿರಿ, ಕಣ್ಣಾರೆ ನೋಡದ್ದಕ್ಕೆ ಸಹಿ ಬೇಡವೇ ಬೇಡ.

ಸೆಂಟ್ರಿಂಗ್ ಕುಸಿದೋ, ಮೇಲಿಂದ ಬಿದ್ದೋ ಗಾಯವಾದರೆ ಪರಿಹಾರದ ಹಕ್ಕಿದೆ. ‘ನೀನು ಕಾರ್ಮಿಕನಲ್ಲವಲ್ಲ’ ಎಂಬ ಮಾತು ಇಲ್ಲಿ ನಡೆಯದು. ತರಬೇತಿಯಿಂದ ಆದ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕೆಂದು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಗಾಯ ಆದ ಜಾಗ, ಸಮಯ ಬರೆಸಿಕೊಳ್ಳಿ.

ನಡುವೆ ತಂಟೆ ಬಂದರೆ ಸಿಟ್ಟಿಗೆ ಬಿಟ್ಟು ಬರಬೇಡಿ. ತಪ್ಪು ಮಾಲೀಕನದಾಗಿ ಕರಾರು ಮುರಿದರೆ ಪರಿಹಾರ ನಿಮಗೆ; ತಪ್ಪು ನಿಮ್ಮದೆಂದಾದರೆ ತರಬೇತಿಯ ವೆಚ್ಚ ನಿಮ್ಮ ತಲೆಗೆ ಬರಬಹುದು. ಸಲಹೆಗಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಅರ್ಜಿ ಬರೆಯಲು ತಿಳಿಯದಿದ್ದರೆ ಕೋಲಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ವಕೀಲರ ನೆರವು ಉಚಿತ. ಸಹಾಯವಾಣಿ 15100.