ಕುದಿಸಿದರೆ ಕೆಡುವ ಔಷಧಿ

ಮಕ್ಕಳೇ, ನೆಗಡಿ, ಕೆಮ್ಮು ಬಂದಾಗ ಮನೆಯಲ್ಲಿ ಅಜ್ಜಿ ಏನು ಮಾಡಿಕೊಡುತ್ತಾರೆ? ಶುಂಠಿ, ಕಾಳುಮೆಣಸು, ತುಳಸಿ ಹಾಕಿ ಚೆನ್ನಾಗಿ ಕುದಿಸಿ ಕಷಾಯ ಮಾಡುತ್ತಾರೆ, ಅಲ್ಲವೇ? ಆದರೆ ಕುದಿಸಿದರೆ ಗುಣ ಕೆಡುವ ಗಿಡವೊಂದಿದೆ. ಅದರಿಂದ ದೊರೆತ ಔಷಧಿ ಲಕ್ಷಾಂತರ ಜನರ ಪ್ರಾಣ ಉಳಿಸಿದೆ. ವಿಜ್ಞಾನಿಗಳು ಅದನ್ನು ಹೇಗೆ ಕಂಡುಹಿಡಿದರು? ಬನ್ನಿ, ತಿಳಿಯೋಣ.

ಮಾತ್ರೆಗೆ ಬಗ್ಗದ ರೋಗಾಣು

ಮಲೇರಿಯಾ ಜ್ವರಕ್ಕೆ ಪ್ಲಾಸ್ಮೋಡಿಯಂ ಎಂಬ ಸೂಕ್ಷ್ಮಜೀವಿ ಕಾರಣ. ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಇದು ನಮ್ಮ ದೇಹ ಸೇರುತ್ತದೆ. ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. 1960ರ ದಶಕದಲ್ಲಿ ಏಷ್ಯಾದ ಕೆಲವು ಕಡೆ ಈ ರೋಗಾಣುಗಳು ಕ್ಲೋರೋಕ್ವಿನ್ ಮಾತ್ರೆಗೆ ಸಾಯದಾದವು. ಹೊಸ ಔಷಧಿ ಹುಡುಕಲು ಚೀನಾ ಸರ್ಕಾರ 1967ರಲ್ಲಿ ಒಂದು ಯೋಜನೆ ಆರಂಭಿಸಿತು. ಬೀಜಿಂಗಿನ ವಿಜ್ಞಾನಿ ತು ಯೂಯೂ 1969ರಲ್ಲಿ ಅದನ್ನು ಸೇರಿದರು.

ಅವರ ತಂಡ ಹಳೆಯ ವೈದ್ಯಗ್ರಂಥಗಳಿಂದಲೂ ನಾಟಿವೈದ್ಯರಿಂದಲೂ 2000ಕ್ಕೂ ಹೆಚ್ಚು ಮದ್ದುಗಳ ವಿವರ ಕಲೆಹಾಕಿತು. ಸುಮಾರು 200 ಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಪರೀಕ್ಷಿಸಿತು.

ಸಾರ ತೆಗೆಯುವುದು ಹೇಗೆ?

ಒಂದು ಎಲೆಯಲ್ಲಿ ನೂರಾರು ಬಗೆಯ ವಸ್ತುಗಳಿರುತ್ತವೆ. ಎಲೆಯನ್ನು ಒಣಗಿಸಿ, ಪುಡಿಮಾಡಿ ನೀರು, ಆಲ್ಕೋಹಾಲ್, ಈಥರ್ ಮುಂತಾದ ದ್ರಾವಕಗಳಲ್ಲಿ ನೆನೆಸುತ್ತಾರೆ. ಕರಗಬಲ್ಲ ವಸ್ತುಗಳು ದ್ರಾವಕಕ್ಕೆ ಬರುತ್ತವೆ. ಸೋಸಿ, ದ್ರಾವಕವನ್ನು ಆವಿಮಾಡಿದರೆ ಉಳಿಯುವುದೇ ಸಾರ. ದ್ರಾವಕ ಬದಲಾದರೆ ಸಾರವೂ ಬದಲಾಗುತ್ತದೆ.

ಮುಂದೆ ಪರೀಕ್ಷೆ. ಮಲೇರಿಯಾ ತಗುಲಿದ ಇಲಿಗಳ ಒಂದು ಗುಂಪಿಗೆ ಸಾರ ಕೊಡುತ್ತಾರೆ. ಇನ್ನೊಂದು ಗುಂಪಿಗೆ ಕೊಡುವುದಿಲ್ಲ. ಕೆಲವು ದಿನಗಳ ನಂತರ ಎರಡೂ ಗುಂಪಿನ ಇಲಿಗಳ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗಾಣುಗಳನ್ನು ಎಣಿಸುತ್ತಾರೆ. ಎರಡನೆಯ ಗುಂಪು ಏಕೆ ಬೇಕು? ಯೋಚಿಸಿ. ಅದಿಲ್ಲದಿದ್ದರೆ ರೋಗಾಣುಗಳು ಸಾರದಿಂದ ಕಡಿಮೆಯಾದವೋ, ತಾವಾಗಿಯೇ ಕಡಿಮೆಯಾದವೋ ತಿಳಿಯುವುದಿಲ್ಲ.

ಅದೇ ಗಿಡ, ಬೇರೆ ಫಲ!

ಚಿಂಗ್‌ಹಾವ್ ಎಂಬ ಗಿಡದ ಸಾರ ಮೊದಲು ಶೇಕಡ 68ರಷ್ಟು ಫಲ ತೋರಿಸಿತು. ಎಲ್ಲರಿಗೂ ಸಂತೋಷವಾಯಿತು. ಆದರೆ ಮತ್ತೆ ಮಾಡಿ ನೋಡಿದಾಗ ಶೇಕಡ 12ರಿಂದ 40 ಮಾತ್ರ! ಗಿಡ ಅದೇ, ಫಲ ಏಕೆ ಬೇರೆ?

ತು ಯೂಯೂ ಗಿಡವನ್ನು ಕೈಬಿಡಲಿಲ್ಲ. ಹಳೆಯ ಗ್ರಂಥಗಳನ್ನು ಮತ್ತೆ ಓದಿದರು. 4ನೆಯ ಶತಮಾನದ ವೈದ್ಯ ಗೆ ಹಾಂಗ್ ಈ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಲು ಹೇಳಿದ್ದ. ಕುದಿಸುವ ಮಾತೇ ಅಲ್ಲಿರಲಿಲ್ಲ! ಹಾಗಾದರೆ ಬಿಸಿಯಿಂದಲೇ ಔಷಧಿ ಕೆಡುತ್ತಿದೆಯೇ?

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಈಥರ್ ಸುಮಾರು 35 ಡಿಗ್ರಿಯಲ್ಲೇ ಕುದಿಯುತ್ತದೆ. ಆದ್ದರಿಂದ ಅವರು ಈಥರ್ ಬಳಸಿ, ಕಡಿಮೆ ಉಷ್ಣತೆಯಲ್ಲಿ ಎಲೆಯ ಸಾರ ತೆಗೆದರು. ಅದರಲ್ಲಿದ್ದ ಹಾನಿಕರ ಆಮ್ಲೀಯ ಭಾಗವನ್ನು ಬೇರ್ಪಡಿಸಿದರು. 1971ರ ಅಕ್ಟೋಬರ್ 4ರಂದು 191ನೆಯ ಸಂಖ್ಯೆಯ ಸಾರದ ಫಲಿತಾಂಶ ಬಂತು. ಇಲಿಗಳಲ್ಲಿ ಶೇಕಡ 100ರಷ್ಟು ಫಲ!

ಇಷ್ಟಕ್ಕೇ ಮುಗಿಯಿತೇ?

ಇಲ್ಲ. ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಒಗ್ಗಬೇಕೆಂದಿಲ್ಲ. 1972ರ ಜುಲೈನಲ್ಲಿ ತು ಯೂಯೂ ಮತ್ತು ಇಬ್ಬರು ಸಹೋದ್ಯೋಗಿಗಳು ಆಸ್ಪತ್ರೆಯಲ್ಲಿದ್ದು, ಮೊದಲು ತಾವೇ ಆ ಸಾರ ಸೇವಿಸಿದರು. ತೊಂದರೆಯಾಗಲಿಲ್ಲ. ಆಮೇಲೆ 21 ರೋಗಿಗಳಿಗೆ ಕೊಟ್ಟರು. ಜ್ವರ ಇಳಿಯಿತು. ಅದೇ ವರ್ಷ ನವೆಂಬರಿನಲ್ಲಿ ಸಾರದೊಳಗಿನ ಶುದ್ಧ ಔಷಧಿ ಹರಳಿನ ರೂಪದಲ್ಲಿ ದೊರೆಯಿತು. ಅದೇ ಆರ್ಟಿಮಿಸಿನಿನ್. 2015ರಲ್ಲಿ ತು ಯೂಯೂ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದು ಭಾರತದಲ್ಲೂ ಅಪಾಯಕಾರಿ ಫಾಲ್ಸಿಪ್ಯಾರಂ ಮಲೇರಿಯಾಕ್ಕೆ ಈ ವರ್ಗದ ಔಷಧಿಯನ್ನು ಇನ್ನೊಂದು ಔಷಧಿಯ ಜೊತೆ ಸೇರಿಸಿ ಕೊಡುತ್ತಾರೆ.

ನಿಮಗಿದು ಗೊತ್ತೇ?

ಹೂವಿನ ಅಂಗಡಿಯಲ್ಲಿ ಘಮಘಮಿಸುವ ದವನವನ್ನು ನೋಡಿದ್ದೀರಲ್ಲವೇ? ದವನ ಮತ್ತು ಚೀನಾದ ಆ ಗಿಡ ಎರಡೂ ಆರ್ಟಿಮಿಸಿಯ ಎಂಬ ಒಂದೇ ಕುಲಕ್ಕೆ ಸೇರಿವೆ. ಹಾಗೆಂದು ದವನ ತಿಂದರೆ ಮಲೇರಿಯಾ ವಾಸಿಯಾಗುತ್ತದೆ ಎಂದು ತಿಳಿಯಬೇಡಿ! ಆರ್ಟಿಮಿಸಿನಿನ್ ಇರುವ ಗಿಡದಲ್ಲೂ ಅದರ ಪ್ರಮಾಣ ಗಿಡದಿಂದ ಗಿಡಕ್ಕೆ ಬೇರೆಯಾಗಿರುತ್ತದೆ. ಎಲೆ ಅಗಿದರೆ ಎಷ್ಟು ಔಷಧಿ ಹೊಟ್ಟೆ ಸೇರಿತೆಂದು ತಿಳಿಯುವುದಿಲ್ಲ. ಮಾತ್ರೆಯಲ್ಲಾದರೆ ಅಳತೆ ಗೊತ್ತಿರುತ್ತದೆ. ಜ್ವರ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಮಾಡಿ ನೋಡಿ

ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಅಷ್ಟೇ ಅಡುಗೆ ಎಣ್ಣೆ ಹಾಕಿ. ಎರಡಕ್ಕೂ ಅರ್ಧ ಚಮಚ ಅರಿಶಿನದ ಪುಡಿ ಹಾಕಿ ಕಲಕಿ. ಅಲುಗಾಡಿಸದೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪುಡಿ ತಳಕ್ಕೆ ಇಳಿದಿರುತ್ತದೆ. ಮೇಲಿನ ದ್ರವದ ಬಣ್ಣ ಯಾವ ಲೋಟದಲ್ಲಿ ಗಾಢವಾಗಿದೆ? ಅರಿಶಿನದ ಬಣ್ಣಕ್ಕೆ ಯಾವುದು ಒಳ್ಳೆಯ ದ್ರಾವಕ? ಬರೆದಿಟ್ಟು, ತರಗತಿಯಲ್ಲಿ ಚರ್ಚಿಸಿ.