ಫ್ಯೂಯೆಲ್ ಪಂಪ್ ಹೋಯಿತೇ? ಸೀಟು ಎತ್ತುವ ಮುನ್ನ

ಸೆಲ್ಫ್ ಜೋರಾಗಿ ಹೊಡೆಯುತ್ತದೆ, ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಇಲ್ಲವೇ ಊರೊಳಗೆ ಸುಮ್ಮನೆ ಓಡಾಡುವ ಗಾಡಿ ಅಂಕೋಲಾದಿಂದ ಮರಳುವಾಗ ಅರಬೈಲ್ ಘಟ್ಟದಲ್ಲಿ ಸುಸ್ತಾಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಜಗ್ಗತೊಡಗುತ್ತದೆ. ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬರುವುದುಂಟು: ‘ಪಂಪ್ ಹೋಗೇತ್ರಿ ಸರ್, ಹೊಸಾದು ಹಾಕಬೇಕ್ರಿ.’ ಹೋಗಿದ್ದರೂ ಹೋಗಿರಬಹುದು. ಆದರೆ ಸುಟ್ಟ ಫ್ಯೂಸ್, ಕೆಟ್ಟ ರಿಲೇ, ಇಲಿ ಕಡಿದ ವೈರು, ಕಟ್ಟಿಕೊಂಡ ಫಿಲ್ಟರ್ ಇವೆಲ್ಲವೂ ಇದೇ ಲಕ್ಷಣ ತೋರಿಸುತ್ತವೆ. ಅನುಕೂಲವಿರುವ ಗಾಡಿಯಲ್ಲಿ ಪಂಪ್ ಬದಲಿಸುವುದು ಒಂದೆರಡು ತಾಸಿನ ಕೆಲಸ. ಹೋದದ್ದು ಪಂಪೇ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೇ ಹೆಚ್ಚು ತಲೆ ಬೇಕು.

ಯಾವ ಗಾಡಿಗೆ ಕೈ ಹಾಕಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಾರಂಟಿ ಮುಗಿದ, ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರು, ಅದರಲ್ಲೂ ಹಿಂದಿನ ಸೀಟಿನ ಕೆಳಗೆ ಪಂಪ್ ತಲುಪಲು ಮುಚ್ಚಳ ಇರುವಂಥದ್ದು ಮಾತ್ರ. ಡೀಸೆಲ್ ಕಾರಿನ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಸೂಜಿಯಷ್ಟು ಸಣ್ಣ ಸೋರಿಕೆಯೂ ಚರ್ಮ ತೂರಿ ಒಳಹೋಗುತ್ತದೆ. ಸಿಎನ್‌ಜಿ ಗಾಡಿಯನ್ನೂ ಮುಟ್ಟಬೇಡಿ. ಸೀಟಿನ ಕೆಳಗೆ ಮುಚ್ಚಳ ಇಲ್ಲದಿದ್ದರೆ ಟ್ಯಾಂಕನ್ನೇ ಕೆಳಗಿಳಿಸಬೇಕು, ಅದು ಲಿಫ್ಟ್ ಇರುವ ಗ್ಯಾರೇಜಿನ ಕೆಲಸ. ಟ್ಯಾಂಕ್ ಇಳಿಸುವ ತೊಂದರೆ ತಪ್ಪಿಸಲು ಗಾಡಿಯ ತಳದ ತಗಡನ್ನೇ ಕತ್ತರಿಸಿ ಕಿಂಡಿ ಮಾಡುವ ಮಿಸ್ತ್ರಿಗಳಿದ್ದಾರೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಗ್ರೈಂಡರ್ ಹಿಡಿಯುವ ಧೈರ್ಯಕ್ಕೆ ನಿಮ್ಮ ಗಾಡಿಯನ್ನು ಒಪ್ಪಿಸಬೇಡಿ. ಕಾರ್ಬ್ಯುರೇಟರ್ ಕಾಲದ ಮಾರುತಿ 800 ಇಟ್ಟುಕೊಂಡವರ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದರ ದಾರಿಯೇ ಬೇರೆ.

ದುಡ್ಡು ಬಿಚ್ಚುವ ಮೊದಲು

ಆರ್‌ಸಿ ತೆಗೆದು 17 ಅಂಕಿ-ಅಕ್ಷರಗಳ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. 2020ರ ಜುಲೈನಲ್ಲಿ ಮಾರುತಿ ಸುಜುಕಿ 1,34,885 ವ್ಯಾಗನ್ಆರ್ ಮತ್ತು ಬಲೆನೊ ಕಾರುಗಳನ್ನು ಫ್ಯೂಯೆಲ್ ಪಂಪ್ ದೋಷಕ್ಕಾಗಿಯೇ ವಾಪಸ್ ಕರೆದಿತ್ತು. 2024ರ ಮಾರ್ಚ್‌ನಲ್ಲಿ ಅವೇ ಎರಡು ಮಾದರಿಗಳ ಇನ್ನೂ 16 ಸಾವಿರ ಗಾಡಿಗಳು ಸೇರಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೋಂಡಾ 90,468 ಹಳೆಯ ಕಾರುಗಳನ್ನು ಕರೆಯಿತು. ಪಂಪಿನೊಳಗೆ ತಿರುಗುವ ಇಂಪೆಲರ್ ಚಕ್ರದಲ್ಲೇ ದೋಷ. ನಿಮ್ಮ ಗಾಡಿ ಇಂಥ ಪಟ್ಟಿಯಲ್ಲಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಶೋರೂಮಿಗೆ ಹೋಗಿ, ಬದಲಾವಣೆಗೆ ಕಾಸು ಕೊಡಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಇಂಥ ಕರೆ ತಲುಪದೇ ಇರಬಹುದು, ಅವರು ಖಂಡಿತ ನೋಡಬೇಕು.

ಪಟ್ಟಿಯಲ್ಲಿ ಇಲ್ಲವೆಂದಾದರೆ ಕಿವಿಗೆ ಕೆಲಸ ಕೊಡಿ. ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸೆಲ್ಫ್ ಹೊಡೆಯದೆ ಕೀಲಿಯನ್ನು ಆನ್ ಸ್ಥಾನಕ್ಕಷ್ಟೇ ತಿರುವಿ. ಹೆಚ್ಚಿನ ಗಾಡಿಗಳಲ್ಲಿ ಎರಡು–ಮೂರು ಸೆಕೆಂಡ್ ‘ಗುಂಯ್’ ಎಂಬ ಸದ್ದು ಬಂದು ನಿಲ್ಲುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿರುವ ನಕ್ಷೆ ನೋಡಿ ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು ಪರೀಕ್ಷಿಸಿ. ರಿಲೇಯ ಜಾಗದಲ್ಲಿ ಅದೇ ನಂಬರಿನ ಬೇರೊಂದು ರಿಲೇ, ಹಾರ್ನಿನದೋ ಫ್ಯಾನಿನದೋ, ಹಾಕಿ ನೋಡಿ. ಗಾಡಿ ಚಾಲೂ ಆಯಿತೆಂದರೆ ಈ ಲೇಖನವನ್ನು ಇಲ್ಲಿಗೇ ಮಡಚಿಡಬಹುದು.

ಆಗಲಿಲ್ಲವೆಂದರೆ ಸೀಟು ಎತ್ತಿ ಪಂಪಿನ ಮುಚ್ಚಳ ತೆಗೆಯಿರಿ, ಟ್ಯಾಂಕ್ ತೆರೆಯುವುದು ಬೇಡ. ವೈರಿನ ಕನೆಕ್ಟರ್ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. ಕೆಲವು ವೈರು ಪೆಟ್ರೋಲ್ ಗೇಜಿನವು, ದಪ್ಪನೆಯ ಎರಡು ಸಾಮಾನ್ಯವಾಗಿ ಪಂಪಿನವು. ಕೀಲಿ ತಿರುವಿದ ಆ ಎರಡು ಸೆಕೆಂಡಿನಲ್ಲಿ ಅವುಗಳ ನಡುವೆ 12 ವೋಲ್ಟ್ ಆಸುಪಾಸು ಬರಬೇಕು. ಕರೆಂಟ್ ಬರುತ್ತಿದೆ, ಕನೆಕ್ಟರ್ ಕೂಡಿಸಿದರೂ ಪಂಪ್ ಸುಮ್ಮನಿದೆ ಎಂದರೆ ಪಂಪ್ ಸತ್ತಂತೆಯೇ. ಕರೆಂಟೇ ಬರದಿದ್ದರೆ ಪಂಪಿನ ತಪ್ಪಲ್ಲ, ವೈರಿಂಗ್ ಹುಡುಕಬೇಕು. ಅದಕ್ಕೆ ಆಟೊ ಎಲೆಕ್ಟ್ರಿಷಿಯನ್ ಬೇಕು, ಹೊಸ ಪಂಪ್ ಬೇಡ. ಇನ್ನೊಂದು ಹಳೆಯ ಉಪಾಯ: ಒಬ್ಬರು ಸೆಲ್ಫ್ ಹೊಡೆಯುವಾಗ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ತಟ್ಟಿದೊಡನೆ ಎಂಜಿನ್ ಹತ್ತಿದರೆ ಮೋಟಾರಿನ ಆಯುಷ್ಯ ಮುಗಿಯುತ್ತ ಬಂದಿದೆ ಎಂದರ್ಥ. ಪಂಪ್ ತಿರುಗಿಯೂ ಗಾಡಿ ಘಟ್ಟದಲ್ಲಿ ಎಳೆಯದಿದ್ದರೆ ಒತ್ತಡ ಅಳೆಸಿ. ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಅದು 3 ಬಾರ್ ಸುತ್ತಮುತ್ತ ಇರಬೇಕು. ಅದಕ್ಕೆ ಗೇಜ್ ಬೇಕು, ಗ್ಯಾರೇಜಿನವರೇ ನೋಡಲಿ.

ಪಂಪ್ ಕೊಳ್ಳುವಾಗ ಅಂಗಡಿಯವರು ‘ಪೂರಾ ಅಸೆಂಬ್ಲಿ ಬೇಕ್ರಿ, ಮೋಟಾರ್ ಅಷ್ಟ ಸಾಕ್ರಿ?’ ಎಂದು ಕೇಳುತ್ತಾರೆ. ಮೋಟಾರ್ ಅಗ್ಗ, ಆದರೆ ಹಳೆಯ ಪ್ಲಾಸ್ಟಿಕ್ ಗೂಡಿನ ಲಾಕುಗಳನ್ನು ಮುರಿಯದೆ ಬಿಚ್ಚುವುದು ಮೊದಲ ಸಲದವರಿಗೆ ಕಷ್ಟ. ನನ್ನ ಮಾತು ಕೇಳುವುದಾದರೆ ಅಸೆಂಬ್ಲಿಯನ್ನೇ ತನ್ನಿ. ಮಾದರಿ, ವರ್ಷ, ಚಾಸಿಸ್ ನಂಬರ್ ಕೊಟ್ಟು ಹೊಂದಿಸಿಕೊಳ್ಳಿ, ಬಿಲ್ ಬಿಡಬೇಡಿ. ಜತೆಗೆ ಟ್ಯಾಂಕಿನ ಬಾಯಿಗೆ ಕೂರುವ ಹೊಸ ರಬ್ಬರ್ ರಿಂಗ್. ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಇದೂ ಒಮ್ಮೆ ಉಬ್ಬಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ಆವಿಯ ಭಯ ಇರಲಿ

ಪೆಟ್ರೋಲಿನ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹೋಗುವುದಿಲ್ಲ. ನೆಲದ ಮೇಲೆ ಹರಿದು ತಗ್ಗು ಹುಡುಕುತ್ತದೆ. ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಮನೆಗಳಲ್ಲಿ ಆ ತಗ್ಗು ಎಲ್ಲಿದೆ ಎಂದು ಯೋಚಿಸಿ. ಮಲಪ್ರಭೆಯ ನೀರು ಹಲವು ದಿನಗಳಿಗೊಮ್ಮೆ ಬರುವ ಊರಿದು, ಹೀಗಾಗಿ ಕಾರು ನಿಲ್ಲಿಸುವ ಪೋರ್ಚಿನ ಕೆಳಗೇ ನೀರಿನ ಸಂಪ್ ಕಟ್ಟಿಸಿಕೊಂಡವರು ಬಹಳ. ಸಂಪಿನ ಮುಚ್ಚಳದ ಸಂದಿನಿಂದ ಆವಿ ಇಳಿದು ನಿಂತರೆ ಮೋಟಾರಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಪೆಟ್ರೋಲ್ ಚೆಲ್ಲಿದರೆ ಕುಡಿಯುವ ನೀರೂ ಹಾಳು. ಆದ್ದರಿಂದ ಗಾಡಿಯನ್ನು ಪೋರ್ಚಿನಿಂದ ಹೊರಗೆ, ಬಯಲಲ್ಲಿ, ಸಂಪಿನಿಂದಲೂ ಗಟಾರದಿಂದಲೂ ದೂರ ನಿಲ್ಲಿಸಿ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಈ ಕೆಲಸವನ್ನು ಯೋಚಿಸಲೂ ಬೇಡಿ.

ಏಪ್ರಿಲ್ ಬಿಸಿಲಿನ ಮಧ್ಯಾಹ್ನ ಬೇಡ, ಗಾಳಿಯಾಡುವ ಬೆಳಗಿನ ಹೊತ್ತು ಒಳ್ಳೆಯದು. ಎಂಜಿನ್, ಸೈಲೆನ್ಸರ್ ಪೂರ್ತಿ ಆರಿರಬೇಕು. ಹತ್ತಿರದಲ್ಲಿ ದೇವರ ದೀಪ, ಊದುಬತ್ತಿ, ಒಲೆ, ಬೀಡಿ, ಡ್ರಿಲ್, ಟೇಬಲ್ ಫ್ಯಾನ್ ಏನೂ ಇರಕೂಡದು, ಮೊಬೈಲ್ ಮನೆಯೊಳಗಿರಲಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಟ್ಯಾಂಕ್ ತೆರೆಯುವ ಮುನ್ನ ಗಾಡಿಯ ಬರಿಯ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿ. ಎಬಿಸಿ ಪುಡಿಯ ಅಗ್ನಿಶಾಮಕ ಕೈಗೆಟಕುವಂತಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿಯೇ ತೇಲಿ ಹರಡುತ್ತದೆ. ಒಬ್ಬರೇ ಮಾಡಬೇಡಿ.

ಬಿಚ್ಚುವುದು, ಕೂರಿಸುವುದು

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರುವಾಗ ಶುರು ಮಾಡಿ. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಚಾಲೂ ಮಾಡಿ, ಪೈಪಿನಲ್ಲಿ ಉಳಿದದ್ದನ್ನು ಉರಿಸಿ ತಾನೇ ನಿಲ್ಲಲಿ. ಮತ್ತೊಂದೆರಡು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಎಂಜಿನ್ ಚಾಲೂ ಆಗದಿದ್ದರೂ ಸೆಲ್ಫ್ ಹೊಡೆಯಿರಿ, ಆದರೆ ಪೈಪಿನಲ್ಲಿ ಒತ್ತಡ ಉಳಿದಿದೆ ಎಂದೇ ತಿಳಿದು ಮುಂದುವರಿಯಿರಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಪಕ್ಕಕ್ಕೆ ಸರಿಸಿ. ಪೆಟ್ರೋಲ್ ತುಂಬುವ ಮುಚ್ಚಳ ತಿರುವಿ ಟ್ಯಾಂಕಿನ ಗಾಳಿ ಬಿಡಿ.

ಸೀಟಿನ ಮುಂಭಾಗವನ್ನು ಎರಡೂ ಬದಿಯಿಂದ ಮೇಲಕ್ಕೆ ಎಳೆದರೆ ಹೆಚ್ಚಿನ ಗಾಡಿಗಳಲ್ಲಿ ಕ್ಲಿಪ್ ಬಿಡುತ್ತದೆ. ಪಂಪಿನ ತಲೆಯ ಸುತ್ತ ನಮ್ಮ ಕರಿಮಣ್ಣಿನ ದೂಳು ಗಟ್ಟಿಯಾಗಿ ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಅದನ್ನು ಪೂರ್ತಿ ತೆಗೆದ ಮೇಲೆಯೇ ಮುಂದಿನ ಕೆಲಸ. ಅವಸರ ಮಾಡಿದರೆ ಆ ದೂಳೇ ಟ್ಯಾಂಕಿಗೆ ಬಿದ್ದು ಹೊಸ ಪಂಪಿನ ಜಾಲರಿ ಕಟ್ಟುತ್ತದೆ. ಪೈಪಿನ ಜೋಡಣೆಗೆ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ಲಾಕ್ ಒತ್ತಿ ನಿಧಾನ ಎಳೆಯಿರಿ. ಪ್ಲಾಸ್ಟಿಕ್ ಲಾಕಿಗೆ ಪಕ್ಕಡ ಹಾಕಿ ತಿರುಚಬೇಡಿ, ಮುರಿದರೆ ಪೈಪ್ ಪೂರಾ ಬದಲಿಸಬೇಕು.

ಪಂಪನ್ನು ಹಿಡಿದಿರುವುದು ಕೆಲವು ಗಾಡಿಗಳಲ್ಲಿ ದೊಡ್ಡ ತಿರುಗಣಿ ರಿಂಗ್, ಕೆಲವುಗಳಲ್ಲಿ ಬೋಲ್ಟ್‌ಗಳು. ರಿಂಗ್ ಜಗ್ಗದಿದ್ದರೆ ಕಟ್ಟಿಗೆಯ ತುಂಡಿಟ್ಟು ತಟ್ಟಿ, ಕಬ್ಬಿಣಕ್ಕೆ ಕಬ್ಬಿಣ ಹೊಡೆಯಬೇಡಿ. ಪಂಪ್ ಯಾವ ದಿಕ್ಕಿಗೆ ಕೂತಿತ್ತೋ ಮಾರ್ಕರ್‌ನಿಂದ ಗೆರೆ ಹಾಕಿಕೊಳ್ಳಿ. ಎತ್ತುವಾಗ ಗೇಜಿನ ತೇಲುಬೆಂಡಿನ ಕಡ್ಡಿ ಬಾಯಿಗೆ ತಾಗಿ ಬಾಗದಂತೆ ಪಂಪನ್ನು ಓರೆ ಮಾಡಿ, ಒಳಗಿನ ಪೆಟ್ರೋಲನ್ನು ಟ್ಯಾಂಕಿಗೇ ಸುರಿಸಿ ಹೊರತೆಗೆಯಿರಿ. ಒಳಗೆ ನೋಡಲು ಟಾರ್ಚ್ ಬೇಡ, ಕೈಗನ್ನಡಿಯಿಂದ ಬಿಸಿಲು ಹಾಯಿಸಿದರೆ ಸಾಕು. ತಳದಲ್ಲಿ ನೀರಿನ ಗುಳ್ಳೆಯೋ ತುಕ್ಕೋ ಕಂಡರೆ ಟ್ಯಾಂಕ್ ತೊಳೆಸದೆ ಹೊಸ ಪಂಪ್ ಹಾಕಬೇಡಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ 20 ಎಥನಾಲ್ ಮಿಶ್ರಣದ ಪೆಟ್ರೋಲ್ ಈಗ ಎಲ್ಲೆಡೆ ಬಂದಿದೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಿಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಹಳೆಯ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರುವ ಅಪಾಯವಿದೆ.

ಹೊಸದನ್ನು ಹಳೆಯದರ ಪಕ್ಕ ಇಟ್ಟು ಎತ್ತರ, ಕನೆಕ್ಟರ್, ಪೈಪಿನ ಮೂತಿ, ತೇಲುಕಡ್ಡಿ ಹೋಲಿಸಿ. ರಬ್ಬರ್ ರಿಂಗಿಗೆ ಸಿಲಿಕಾನ್ ಪೇಸ್ಟ್ ಬಳಿಯಬೇಡಿ, ಪೆಟ್ರೋಲಿನಲ್ಲಿ ಅದು ಬಿಟ್ಟುಬಂದು ಜಾಲರಿಗೆ ಅಂಟುತ್ತದೆ. ಗೆರೆಗೆ ಗೆರೆ ಕೂಡಿಸಿ ಕೂರಿಸಿ, ಬೋಲ್ಟ್ ಇದ್ದರೆ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪೈಪ್ ‘ಟಕ್’ ಎಂದು ಕೂತ ಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಗಾಡಿಯ ನಾಲ್ಕೂ ಬಾಗಿಲು ತೆರೆದಿಟ್ಟು ವಾಸನೆ ಹೋದ ಮೇಲಷ್ಟೇ ಬ್ಯಾಟರಿ, ಫ್ಯೂಸ್ ಜೋಡಿಸಿ.

ಆಮೇಲೂ ಸೆಲ್ಫ್ ಹೊಡೆಯುವ ಆತುರ ಬೇಡ. ಕೀಲಿಯನ್ನು ಆನ್–ಆಫ್ ಐದಾರು ಸಲ ಮಾಡಿ, ಪೈಪ್ ತುಂಬಿಕೊಳ್ಳಲಿ. ಜೋಡಣೆಯ ಸುತ್ತ ಬಿಳಿ ಕಾಗದ ಒತ್ತಿ ತೇವ ಇದೆಯೇ ನೋಡಿ. ಒಣಗಿದ್ದರೆ ಎಂಜಿನ್ ಚಾಲೂ ಮಾಡಿ ಮತ್ತೊಮ್ಮೆ ನೋಡಿ. ಸೀಟನ್ನು ಅಂದೇ ಕೂರಿಸದೆ ಮರುದಿನದವರೆಗೆ ಹೊರಗಿಟ್ಟರೆ ಒಳ್ಳೆಯದು. ಬೆಳಿಗ್ಗೆ ಬಾಗಿಲು ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ರಿಂಗ್ ಸರಿ ಕೂತಿಲ್ಲ, ಮತ್ತೆ ಬಿಚ್ಚಬೇಕು. ಗೇಜಿನ ಮುಳ್ಳು ಸರಿ ತೋರಿಸುತ್ತಿದೆಯೇ ಎಂಬುದನ್ನೂ ಪೆಟ್ರೋಲ್ ಹಾಕಿಸಿ ಪರೀಕ್ಷಿಸಿ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ, ಆದ್ದರಿಂದ ದಿನವೂ ರಿಸರ್ವ್‌ನಲ್ಲೇ ಓಡಿಸುವ ರೂಢಿಯಿದ್ದರೆ ಹೊಸದೂ ಬೇಗ ಹೋಗುತ್ತದೆ. ಹಳೆಯ ಪಂಪಿನಲ್ಲಿ ಉಳಿದ ಪೆಟ್ರೋಲನ್ನು ಗಟಾರಕ್ಕೆ ಚೆಲ್ಲದೆ, ಬಯಲಲ್ಲಿ ಪೂರ್ತಿ ಆರಲು ಬಿಟ್ಟು ಆಮೇಲೆ ಗುಜರಿಗೆ ಕೊಡಿ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರವಿ ಒಣಗಿಸಿ.